ಆಟಿಕೆ ಕಾರು: ನಾವು ನಂಬಿದ್ದು, ಹಲಗೆ ತೋರಿಸಿದ್ದು

ಇಳಿಜಾರಿನಲ್ಲಿ ಭಾರದ ಕಾರೇ ಮೊದಲು ಕೆಳಗಿಳಿಯುತ್ತದೆ. ಹೀಗೆ ನಂಬುವವರು ಮಕ್ಕಳಷ್ಟೇ ಅಲ್ಲ, ನಾವೂ ಹಾಗೇ ನಂಬಿ ಬೆಳೆದವರು.

ವಾಸ್ತವ: ಭೂಮಿ ಭಾರದ ಕಾರನ್ನು ಹೆಚ್ಚು ಬಲದಿಂದ ಎಳೆಯುತ್ತದೆ, ನಿಜ. ಆದರೆ ಅದರ ವೇಗ ಹೆಚ್ಚಿಸಲು ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚು. ಲೆಕ್ಕ ಚುಕ್ತಾ. ಒಂದೇ ಬಗೆಯ ಎರಡು ಕಾರು ತನ್ನಿ, ಒಂದರ ಬೆನ್ನಿಗೆ ನಾಲ್ಕು ನಾಣ್ಯ ಅಂಟಿಸಿ, ಹಲಗೆಯ ಮೇಲಿಂದ ಒಟ್ಟಿಗೆ ಬಿಡಿ. ಹೆಚ್ಚುಕಡಿಮೆ ಜೊತೆಯಲ್ಲೇ ಇಳಿಯುತ್ತವೆ. ಭಾರದ್ದು ಕೂದಲೆಳೆಯಷ್ಟು ಮುಂದಿದ್ದರೂ ಇರಬಹುದು; ಗಾಳಿಯ ತಡೆ ಹಗುರ ಕಾರನ್ನು ಹೆಚ್ಚು ಕಾಡುತ್ತದೆ, ಚಕ್ರ ತಿರುಗಿಸುವ ಖರ್ಚೂ ಅದಕ್ಕೆ ತುಸು ದುಬಾರಿ. ಬೇರೆ ಬೇರೆ ಬಗೆಯ ಕಾರುಗಳಾದರೆ ಸೋಲು ಗೆಲುವು ಬಹುಪಾಲು ಅಚ್ಚಿನ ಕೈಯಲ್ಲಿ. ಅದಕ್ಕೊಂದು ತಲೆಗೂದಲು ಸುತ್ತಿಕೊಂಡರೆ ಭಾರ ಇದ್ದೂ ಪ್ರಯೋಜನವಿಲ್ಲ. ಭಾರದ ಮಹಿಮೆ ಕಾಣುವುದು ಹಲಗೆಯ ಬುಡದಲ್ಲಿ: ಅಲ್ಲೊಂದು ಬೆಂಕಿಪೊಟ್ಟಣ ಇಟ್ಟರೆ, ನಾಣ್ಯ ಹೊತ್ತ ಕಾರು ಅದನ್ನು ಹೆಚ್ಚು ದೂರ ನೂಕುತ್ತದೆ.

ತಳ್ಳುವುದು ನಿಂತರೆ ಕಾರೂ ನಿಲ್ಲುತ್ತದೆ, ಆದ್ದರಿಂದ ಓಡುತ್ತಿರಲು ತಳ್ಳುತ್ತಲೇ ಇರಬೇಕು. ಅರಿಸ್ಟಾಟಲನ ವಿಚಾರವೂ ಇದೇ ದಾರಿಯದು, ಹಾಗಾಗಿ ನಾಚಿಕೆ ಬೇಡ.

ವಾಸ್ತವ: ಕಾರನ್ನು ನಿಲ್ಲಿಸುವುದು ಘರ್ಷಣೆ. ಒಂದೇ ಎತ್ತರದಿಂದ ಬಿಟ್ಟ ಕಾರು ಗೋಣಿತಟ್ಟಿನ ಮೇಲೆ ಬೇಗ ಮುಗ್ಗರಿಸುತ್ತದೆ, ನುಣುಪು ಟೈಲ್ಸ್ ಮೇಲೆ ಬಹುದೂರ ಓಡುತ್ತದೆ. ಎರಡೂ ಕಡೆ ತಳ್ಳುವವರು ಯಾರೂ ಇರಲಿಲ್ಲವಲ್ಲ!

ಹಿಂದಕ್ಕೆಳೆದು ಬಿಡುವ ಕಾರು ಎಳೆದದ್ದಕ್ಕಿಂತ ಹೆಚ್ಚು ದೂರ ಓಡುತ್ತದೆ, ಅಂದರೆ ಒಳಗೆಲ್ಲೋ ಶಕ್ತಿ ಹುಟ್ಟುತ್ತದೆ.

ವಾಸ್ತವ: ಹುಟ್ಟುವುದಿಲ್ಲ. ನಮ್ಮ ಕೈ ಸ್ವಲ್ಪವೇ ದೂರ, ಆದರೆ ಬಿಗಿಯಾಗಿ ಎಳೆದು ಸುರುಳಿ ಸ್ಪ್ರಿಂಗ್ ಸುತ್ತುತ್ತದೆ. ಹಲ್ಲುಚಕ್ರಗಳು ಅದೇ ಶಕ್ತಿಯನ್ನು ಕಡಿಮೆ ಬಲದಲ್ಲಿ, ಹೆಚ್ಚು ದೂರಕ್ಕೆ ಹಂಚುತ್ತವೆ. ಟಕಟಕ ಸದ್ದು ಬಂದ ಮೇಲೂ ಎಳೆದರೆ ಏನೂ ಕೂಡಿಕೊಳ್ಳುವುದಿಲ್ಲ, ಸ್ಪ್ರಿಂಗ್ ಆಗಲೇ ತುಂಬಿರುತ್ತದೆ.

ಇಂಥ ಪ್ರಯೋಗಕ್ಕೆ ದುಬಾರಿ ಕಿಟ್ ಬೇಕು.

ವಾಸ್ತವ: ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ವರ್ಣಿಸಿದ ಪ್ರಯೋಗಕ್ಕೆ ಬಳಸಿದ್ದು ಕಾಲುವೆ ಕೊರೆದ ಮರದ ತೊಲೆ, ಕಂಚಿನ ಗುಂಡು. ಗಡಿಯಾರದ ಬದಲು, ಸಣ್ಣ ಕೊಳವೆಯಲ್ಲಿ ಸುರಿದ ನೀರನ್ನು ತೂಗಿ ಸಮಯ ಅಳೆದ. ಎರಡರಷ್ಟು ಸಮಯದಲ್ಲಿ ಗುಂಡು ನಾಲ್ಕರಷ್ಟು ದೂರ ಉರುಳುತ್ತದೆಂದು ಅಷ್ಟರಿಂದಲೇ ಸಿಕ್ಕಿತು. ನಮಗೆ ಮೊಬೈಲಿನ ಸ್ಟಾಪ್‌ವಾಚ್ ಇದೆ. ಚನ್ನಪಟ್ಟಣದ ಮರದ ಕಾರೂ ಆಗುತ್ತದೆ, ಜಾತ್ರೆಯ ಪ್ಲಾಸ್ಟಿಕ್ ಕಾರೂ ಆಗುತ್ತದೆ.

ಕಾರು ಕೈಗಿತ್ತರೆ ಸಾಕು, ಮಕ್ಕಳು ತಾವಾಗಿಯೇ ಕಲಿಯುತ್ತಾರೆ.

ವಾಸ್ತವ: ಇದೇ ನಮ್ಮನ್ನು ಹೆಚ್ಚು ದಾರಿತಪ್ಪಿಸಿದ್ದು. ಬರೀ ಓಡಿಸಿದರೆ ಕಣ್ಣಿಗೆ ಬೀಳುವುದು ಮೊದಲೇ ನಂಬಿದ್ದಷ್ಟೇ. ಯಾವುದು ಗೆಲ್ಲುತ್ತೆ ಎಂದು ಬಿಡುವ ಮುಂಚೆಯೇ ಕೇಳಬೇಕು. ಉತ್ತರ ತಪ್ಪಾದರೆ ನಾವು ಬಾಯಿ ಹಾಕದೆ ಮತ್ತೊಮ್ಮೆ ಬಿಡಲು ಹೇಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಹಲಗೆಯನ್ನೂ ಎತ್ತರಿಸಿ ಕಾರನ್ನೂ ಬದಲಿಸಿದರೆ, ಹೆಚ್ಚು ದೂರ ಹೋದದ್ದು ಯಾವುದರಿಂದ ಎಂದು ಮಗುವೂ ಹೇಳಲಾರದು, ನಾವೂ ಹೇಳಲಾರೆವು.