ಕೈ ನೇಯುವಾಗ ಮನಸ್ಸು

ಧ್ಯಾನವೆಂದೊಡನೆ ನಮಗೆ ನೆನಪಾಗುವುದು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟು ಕುಳಿತವರ ಚಿತ್ರ. ಹಾಗೆ ಕುಳಿತು ನೋಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಕೈ ಸುಮ್ಮನಾದ ಮಾತ್ರಕ್ಕೆ ಮನಸ್ಸು ಸುಮ್ಮನಾಗುವುದಿಲ್ಲ. ಹಾಲಿನವನ ಲೆಕ್ಕ, ಮಗನ ಪರೀಕ್ಷೆ, ಪಕ್ಕದ ಮನೆಯವರು ಆಡಿದ ಮಾತು, ಎಲ್ಲವೂ ಆ ಹೊತ್ತಿಗೇ ಬಂದು ಎದುರು ನಿಲ್ಲುತ್ತವೆ. ಇಂಥವರಿಗೆ ಇನ್ನೊಂದು ದಾರಿಯುಂಟು. ಕೈಗೆ ಕೆಲಸ ಕೊಟ್ಟು, ಆ ಕೆಲಸದ ಲಯಕ್ಕೆ ಮನಸ್ಸನ್ನು ಕಟ್ಟುವುದು. ಇದಕ್ಕೆ ಮಗ್ಗದಷ್ಟು, ಬುಟ್ಟಿ ಹೆಣಿಗೆಯಷ್ಟು ಒದಗಿ ಬರುವ ಕೆಲಸಗಳು ಕಡಮೆ.

ಕಾರಣವೇನೆಂದು ನೋಡೋಣ. ಕುಳಿಮಗ್ಗದಲ್ಲಿ ಕುಳಿತ ನೇಕಾರ ಒಂದು ಕಾಲನ್ನು ಒತ್ತಿದಾಗ ಹಾಸಿನ ಎಳೆಗಳು ಅರ್ಧ ಮೇಲೆ, ಅರ್ಧ ಕೆಳಗಾಗಿ ಬಾಯಿ ತೆರೆಯುತ್ತವೆ. ಆ ಬಾಯಲ್ಲಿ ಲಾಳಿ ಹಾದು ಹೊಕ್ಕಿನ ಎಳೆಯನ್ನು ಬಿಟ್ಟು ಹೋಗುತ್ತದೆ. ಹಣಿಗೆ ಬಂದು ಅದನ್ನು ಬಡಿದು ಕೂರಿಸುತ್ತದೆ. ಮತ್ತೆ ಇನ್ನೊಂದು ಕಾಲು, ಮತ್ತೆ ಲಾಳಿ. ಗಮನ ತಪ್ಪಿ ಅದೇ ಕಾಲನ್ನು ಎರಡು ಸಲ ಒತ್ತಿದರೆ ಬಟ್ಟೆಯಲ್ಲಿ ಜೋಡಿ ಎಳೆ ಕಾಣಿಸಿಕೊಳ್ಳುತ್ತದೆ. ಸಿಟ್ಟಿನಲ್ಲಿ ಬಡಿದರೆ ನೇಯ್ಗೆ ಬಿಗಿ, ಬೇಸರದಲ್ಲಿ ಬಡಿದರೆ ಸಡಿಲ. ಕಣ್ಣು ಮುಚ್ಚಿ ಕುಳಿತಾಗ ಮನಸ್ಸು ಎಲ್ಲಿಗೆ ಹೋಗಿತ್ತೆಂದು ಹೇಳುವವರಿಲ್ಲ. ಮಗ್ಗದಲ್ಲಿ ಬಟ್ಟೆಯೇ ಹೇಳಿಬಿಡುತ್ತದೆ.

ಬುಟ್ಟಿಯದು ಇನ್ನೊಂದು ಬಗೆಯ ಲೆಕ್ಕ. ದುಂಡು ಬುಟ್ಟಿಯ ತಳದಿಂದ ಮೇಲೇಳುವ ನಿಲುವು ಕಡ್ಡಿಗಳು 7, 9 ಅಥವಾ 11 ಹೀಗೆ ಬೆಸಸಂಖ್ಯೆಯಲ್ಲಿದ್ದರೆ, ಒಂದೇ ಪಟ್ಟಿಯನ್ನು ಒಂದರ ಹಿಂದೆ, ಒಂದರ ಮುಂದೆ ಹಾಯಿಸುತ್ತ ಹೋಗಬಹುದು. ಒಂದು ಸುತ್ತು ಮುಗಿದಾಗ ಹಿಂದೆ ಇದ್ದದ್ದು ತಾನಾಗಿಯೇ ಮುಂದೆ ಬರುತ್ತದೆ. ಸಮಸಂಖ್ಯೆಯಾದರೆ ಎರಡನೆಯ ಸುತ್ತು ಮೊದಲನೆಯದರ ಹೆಜ್ಜೆಯಲ್ಲೇ ಬೀಳುವುದರಿಂದ ಹೆಣಿಗೆ ಕೂಡುವುದಿಲ್ಲ. ಅಡ್ಡಡ್ಡಲಾಗಿ ಇಟ್ಟ ದಬ್ಬೆಗಳ ತುದಿಗಳು ಸಹಜವಾಗಿ ಸಮಸಂಖ್ಯೆಯಾಗುತ್ತವೆ. ಅವುಗಳಲ್ಲಿ ಒಂದನ್ನು ಸೀಳಿ ಎರಡು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಹಿಂದೆ, ಮುಂದೆ, ಹಿಂದೆ, ಮುಂದೆ ಎಂದು ಮನಸ್ಸಿನೊಳಗೇ ಎಣಿಸುವುದಕ್ಕೂ ಜಪಮಣಿ ಎಣಿಸುವುದಕ್ಕೂ ಹೆಚ್ಚು ದೂರವಿಲ್ಲ.

ಹನಕೆರೆಯ ಸುತ್ತಿನವರಿಗೆ ಈ ಹೆಣಿಗೆ ಹೊಸದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ರೇಷ್ಮೆ ಹುಳು ಸಾಕಿದ ಮನೆಗಳು ಚಂದ್ರಿಕೆಯನ್ನು ಬಲ್ಲವು. ಬಿದಿರಿನ ಚಾಪೆಯ ಮೇಲೆ ತೆಳುವಾದ ಬಿದಿರು ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಸಾಧನವದು. ಹಣ್ಣಾದ ಹುಳುಗಳು ಆ ಸುರುಳಿಯ ಸಂದುಗಳಲ್ಲಿ ಎರಡು ಮೂರು ದಿನ ಕುಳಿತು ಗೂಡು ಕಟ್ಟುತ್ತವೆ. ಮನುಷ್ಯ ಹೆಣೆದುದರಲ್ಲಿ ಕುಳಿತು ಹುಳು ತಾನೂ ನೂಲುತ್ತದೆ! ಇತ್ತೀಚೆಗೆ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದು ಚಂದ್ರಿಕೆಯ ಜಾಗವನ್ನು ಬಹುಮಟ್ಟಿಗೆ ಹಿಡಿದಿದೆ. ಮಗ್ಗವೂ ಈ ಜಿಲ್ಲೆಗೆ ದೂರದ್ದಲ್ಲ. ಮೇಲುಕೋಟೆಯ ಪಂಚೆ ಹೆಸರಾದದ್ದು. ಅಲ್ಲಿಯೇ 1960ರಲ್ಲಿ ಸುರೇಂದ್ರ ಕೌಲಗಿಯವರು ಜನಪದ ಸೇವಾ ಟ್ರಸ್ಟನ್ನು ಸ್ಥಾಪಿಸಿದರು. ಖಾದಿ ನೇಯ್ಗೆ ಅದರ ಕೆಲಸಗಳಲ್ಲೊಂದಾಯಿತು.

ಕೈಕೆಲಸವನ್ನೂ ಅಂತರಂಗದ ಸಾಧನೆಯನ್ನೂ ಒಂದೇ ಎಳೆಯಾಗಿ ಹೊಸೆದವರು ನಮ್ಮ ವಚನಕಾರರು. ಜೇಡರ ದಾಸಿಮಯ್ಯ ನೇಕಾರ, ಮೇದರ ಕೇತಯ್ಯ ಬಿದಿರು ಹೆಣೆದವನು, ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದವನು. ಚಂದಯ್ಯನ ಕಥೆಯಂತೂ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಕೊರಳ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಆತ ಹುಡುಕಲಿಲ್ಲ, ಕಾಯಕ ನಿಲ್ಲಿಸದೆ ಹೊರೆ ಕಟ್ಟಿ ಹೊರಟ. ಲಿಂಗವೇ ಅವನ ಬೆನ್ನು ಹತ್ತಿ ಬಂದಿತಂತೆ. ಇದನ್ನು ಪವಾಡವೆಂದು ಓದುವವರು ಹಾಗೆಯೇ ಓದಲಿ. ಕೆಲಸದಲ್ಲಿ ಮನಸ್ಸು ಪೂರ್ಣ ನೆಲೆಸಿದವನಿಗೆ ಪೂಜೆ ಬೇರೆಯಾಗಿ ಉಳಿಯುವುದಿಲ್ಲವೆಂಬ ಅರ್ಥ ನನಗೆ ಹೆಚ್ಚು ರುಚಿಸುತ್ತದೆ.

ಮನಶ್ಶಾಸ್ತ್ರಜ್ಞರು ಇದೇ ಅನುಭವವನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ. ಅಮೆರಿಕದ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಎಂಬುವರು ಬಂಡೆ ಹತ್ತುವವರು, ಚದುರಂಗದ ಆಟಗಾರರು, ನರ್ತಕರು, ಶಸ್ತ್ರವೈದ್ಯರು ಮೊದಲಾದವರನ್ನು ವಿಚಾರಿಸಿ 1975ರಲ್ಲಿ ಒಂದು ಪುಸ್ತಕ ಬರೆದರು. ಕೆಲಸ ನಮ್ಮ ಶಕ್ತಿಗೆ ತಕ್ಕಷ್ಟು ಕಠಿಣವಾಗಿರಬೇಕು, ಗುರಿ ಸ್ಪಷ್ಟವಿರಬೇಕು, ಸರಿತಪ್ಪು ಕೂಡಲೇ ತಿಳಿಯಬೇಕು. ಆಗ ಮನಸ್ಸು ಹೊತ್ತಿನ ಪರಿವೆಯನ್ನೇ ಮರೆತು ಹರಿಯುತ್ತದೆ ಎಂಬುದು ಅವರ ಅಭಿಪ್ರಾಯ. ಮೂರೂ ಲಕ್ಷಣಗಳು ಮಗ್ಗದಲ್ಲಿವೆ. ಮನಸ್ಸಿನ ಕಾಯಿಲೆಯವರಿಗೆ ಔಷಧದ ಜೊತೆಗೆ ಕೈಕಸಬನ್ನೂ ಕಲಿಸುವ ಪದ್ಧತಿ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಇದೆ. ಹಾಗೆಂದು ಬುಟ್ಟಿ ಹೆಣೆದರೆ ಔಷಧ ಬೇಡವೆಂದು ಯಾರೂ ತಿಳಿಯಬಾರದು.

ಮನೆಯಲ್ಲಿ ಮಾಡಿ ನೋಡುವುದು ಸುಲಭ. ಗಟ್ಟಿ ರಟ್ಟಿನ ಮೇಲಂಚು ಕೆಳಂಚುಗಳಲ್ಲಿ ಸಮದೂರಕ್ಕೆ ಕಚ್ಚು ಹಾಕಿ ಹುರಿದಾರ ಬಿಗಿದರೆ ಹಾಸು ಸಿದ್ಧ. ಹಳೆಯ ಸೀರೆಯನ್ನು ಬೆರಳಗಲ ಸೀಳಿದ ಪಟ್ಟಿಯೇ ಹೊಕ್ಕು. ಮೊದಲು ಎರಡು ನಿಮಿಷ ಉಸಿರನ್ನು ಗಮನಿಸುತ್ತ ಸುಮ್ಮನೆ ಕುಳಿತಿರಿ. ಬಳಿಕ ಅವಸರವಿಲ್ಲದೆ ಒಂದೊಂದೇ ಸಾಲು. ಮನಸ್ಸು ಬೇರೆಡೆ ಹೋದದ್ದು ತಿಳಿದಾಗ ಬೈದುಕೊಳ್ಳುವುದು ಬೇಡ. ಬೆರಳ ತುದಿಗೆ ಪಟ್ಟಿ ತಗಲುವ ಸ್ಪರ್ಶಕ್ಕೆ ಅದನ್ನು ಕರೆತಂದರೆ ಸಾಕು. ತಪ್ಪಿದ ಸಾಲನ್ನು ಬಿಚ್ಚುವುದೂ ಅಭ್ಯಾಸದ ಭಾಗವೇ. ದಿನಕ್ಕೆ 20 ನಿಮಿಷ ಸಾಕು. ಆ ಹೊತ್ತಿನಲ್ಲಿ ರೇಡಿಯೋ ಆರಿಸಿರಬೇಕು. ಈ ಪತ್ರಿಕೆಯಲ್ಲಿಯೇ ಈ ಮಾತೇ ಎಂದು ವಾಚಕರು ಹುಬ್ಬೇರಿಸಬಹುದು; ಉಳಿದ 23 ಗಂಟೆ 40 ನಿಮಿಷ ನಮ್ಮದೇ ಇರುವಾಗ ಚಿಂತೆಯಿಲ್ಲ.

ಇಲ್ಲೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ನಮಗೆ ವಿಶ್ರಾಂತಿಯಾಗುವ ಈ ಕೆಲಸ ಇನ್ನೊಬ್ಬರಿಗೆ ಅನ್ನ. ಸೀರೆಗಿಷ್ಟು ಎಂದು ಕೂಲಿ ಪಡೆಯುವ ನೇಕಾರನಿಗೆ, ಸಂಜೆಯೊಳಗೆ ಮೊರ ಮುಗಿಸಿ ನಾಳೆ ಸಂತೆಗೆ ಒಯ್ಯಬೇಕಾದ ಮೇದರ ತಾಯಿಗೆ, ನಿಧಾನವಾಗಿ ಉಸಿರು ನೋಡುತ್ತ ನೇಯಿರಿ ಎಂದು ಉಪದೇಶಿಸುವುದು ಅನ್ಯಾಯ. ಸೀಳಿದ ಬಿದಿರಿನ ಅಂಚು ಬೆರಳನ್ನು ಕೊಯ್ಯುತ್ತದೆ. ಬಾಗಿ ಕುಳಿತ ಬೆನ್ನು ನೋಯುತ್ತದೆ. ಕೇತಯ್ಯನೇ ಬಿದಿರಿನಿಂದ ಗಾಯಗೊಂಡು ಪ್ರಾಣ ಬಿಟ್ಟನೆಂಬುದು ಐತಿಹ್ಯ. ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದ್ದು ಸುಮ್ಮನಲ್ಲ. ದುಡಿಮೆಯ ಫಲ ಹಂಚಿ ಉಣ್ಣದ ಕಡೆ ಕೆಲಸ ಪೂಜೆಯಾಗಲಾರದು.

ಬಿದಿರು ಸಿಗುವುದೇ ಮೇದರಿಗೆ ದೊಡ್ಡ ತೊಡಕು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆಯುವಂತೆ 2017ರಲ್ಲಿ ಭಾರತ ಅರಣ್ಯ ಕಾಯಿದೆಗೆ ತಿದ್ದುಪಡಿಯಾಯಿತು. ಆದ್ದರಿಂದ ಹೊಲದ ಬದುವಿನಲ್ಲಿ ರೈತರು ಬಿದಿರು ಬೆಳೆಸಿದರೆ ಊರಿನ ಮೇದರಿಗೆ ಅದು ಹತ್ತಿರದಲ್ಲೇ ದೊರೆಯಬಹುದು. ಗೌರಿಹಬ್ಬ ಬಂದಾಗ ಬಾಗಿನಕ್ಕೆ ಮೊರಗಳು ಬೇಕೇ ಬೇಕು. ಒಂದಿಷ್ಟು ಸಾಲು ತಾವೇ ಹೆಣೆದು ನೋಡಿದ ಗೃಹಿಣಿ ಆ ದಿನ ಮೊರದ ಅಂಚು ಕಟ್ಟಿದ ಬಗೆಯನ್ನು ತಿರುವಿ ನೋಡುತ್ತಾರೆ, ಎಷ್ಟು ಹೊತ್ತು ಹಿಡಿದಿರಬಹುದೆಂದು ಲೆಕ್ಕ ಹಾಕುತ್ತಾರೆ. ಬೆಲೆ ಕೇಳಿದ ಮೇಲೆ ಚೌಕಾಸಿಗೆ ಅವರ ನಾಲಗೆ ಸುಲಭವಾಗಿ ಏಳುವುದಿಲ್ಲ.