ರಿಮೋಟ್ ಕಾರು: ಆಟಿಕೆಯಿಂದ ಹವ್ಯಾಸಕ್ಕೆ



ವಾರವಿಡೀ ನಿಮಗೆ ಹಾಡು ಕೇಳಿಸುವ ನಾನು ಈ ಬಾರಿ ಕಾರಿನ ಕಥೆ ಹೇಳಲು ಕುಳಿತಿದ್ದೇನೆ. ಪೆಟ್ರೋಲ್ ಕೇಳದ, ಸೊಸೈಟಿಯಲ್ಲಿ ಪಾರ್ಕಿಂಗ್ ಜಗಳ ತಾರದ ಕಾರು ಇದು. ಕೈಯಲ್ಲಿನ ರಿಮೋಟ್ ಹೇಳಿದಂತೆ ಓಡುವ ಪುಟ್ಟ ಕಾರು. ಓದಿದ್ದು ಕನ್ನಡ ಬಿ.ಎ., ಮೋಟಾರಿಗೂ ನಿಮಗೂ ಎಲ್ಲಿಯ ನಂಟು ಅಂತೀರಾ? ಆ ನಂಟು ಬೆಸೆದವನು ನನ್ನ ಒಂಬತ್ತು ವರ್ಷದ ಮಗ.

ದೀಪಾವಳಿಗೆ ಅವನಿಗೊಂದು ಆಟಿಕೆ ಕಾರು ಕೊಡಿಸಿದ್ದೆವು. ಎಂಟನೇ ದಿನಕ್ಕೆ ಅದು ಎಡಕ್ಕೆ ತಿರುಗುವುದನ್ನೇ ಮರೆಯಿತು. ಅಂಗಡಿಗೆ ಒಯ್ದರೆ, "ಇದರ ಬಿಡಿಭಾಗ ಸಿಗೋದಿಲ್ಲ, ಹೊಸದು ತಗೊಳ್ಳಿ" ಅಂದರು. ಮಗನ ಮುಖ ಸಪ್ಪಗಾಯಿತು. ಆಟಿಕೆಯ ಕಾರಿಗೂ ಹವ್ಯಾಸದ ಕಾರಿಗೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನನಗೆ ತಿಳಿದದ್ದು ಆಮೇಲೆ. ಹವ್ಯಾಸದ ಕಾರಿನ ಪ್ರತಿಯೊಂದು ಭಾಗವನ್ನೂ ತಿರುಪು ಬಿಚ್ಚಿ ಬದಲಿಸಬಹುದು. ಆಟಿಕೆ ಕೆಟ್ಟರೆ ಕಸ, ಇದು ಕೆಟ್ಟರೆ ಪಾಠ!

ನಮ್ಮ ಬಾನುಲಿಯ ಸೋದರ

ಇದರ ಮೂಲವೂ ನಮ್ಮ ರೇಡಿಯೋ ತರಂಗವೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದರು. 1976ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಷೆ 934ರ ರಿಮೋಟ್ ಮಾದರಿ ತಂದಿತು. 1984ರಲ್ಲಿ ಬಂದ ಅವರ 'ಗ್ರಾಸ್‌ಹಾಪರ್', ಅಂದರೆ ಮಿಡತೆ, ಜಗತ್ತಿನ ಎಷ್ಟೋ ಮಂದಿಗೆ ಮೊದಲ ಕಾರಾಯಿತು. 2005ರಲ್ಲಿ ಅದನ್ನು ಮತ್ತೆ ಹೊರತಂದರು.

ಎಫ್.ಎಂ.ನಲ್ಲಿ ನನ್ನ ದನಿ ನಿಮ್ಮನ್ನು ತಲುಪುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಹಳೆಯ ಆಟಿಕೆ ಕಾರುಗಳು ಬಹುತೇಕ 27 ಅಥವಾ 49 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದವು. ಪಕ್ಕದ ಮನೆಯ ಹುಡುಗನ ಕಾರೂ ಅದೇ ಆವರ್ತನದ್ದಾದರೆ, ಅವನು ಗುಂಡಿ ಒತ್ತಿದರೆ ನಿಮ್ಮ ಕಾರು ಓಡುತ್ತಿತ್ತು! ಇಂದಿನ ಹವ್ಯಾಸದ ಕಾರುಗಳು 2.4 ಗಿಗಾಹರ್ಟ್ಸ್‌ನವು. ರಿಮೋಟ್ ಮತ್ತು ಕಾರು ಮೊದಲೇ ಪರಸ್ಪರ ಗುರುತು ಮಾಡಿಕೊಂಡಿರುತ್ತವೆ. ಹೀಗಾಗಿ ಒಂದೇ ಮೈದಾನದಲ್ಲಿ ಹಲವು ಕಾರು ಓಡಿದರೂ ಗೊಂದಲವಿಲ್ಲ.

ಕಾರಿನೊಳಗೆ ಮೂರು ಮುಖ್ಯ ಸದಸ್ಯರಿದ್ದಾರೆ. ರಿಸೀವರ್ ನಮ್ಮ ಟ್ರಾನ್ಸಿಸ್ಟರಿನಂತೆ, ಸಂದೇಶ ಹಿಡಿಯುತ್ತದೆ. ಸರ್ವೋ ಮುಂದಿನ ಚಕ್ರ ತಿರುಗಿಸುತ್ತದೆ. ಸ್ಪೀಡ್ ಕಂಟ್ರೋಲರ್ ಮೋಟಾರಿಗೆ ಎಷ್ಟು ಕರೆಂಟ್ ಎಂದು ಅಳೆದು ಕೊಡುತ್ತದೆ. ಆಗ್ಗದ ಆಟಿಕೆಗೆ ಸಾಮಾನ್ಯವಾಗಿ ಪೂರ್ತಿ ಎಡ, ಪೂರ್ತಿ ಬಲ ಮಾತ್ರ ಗೊತ್ತು. ಇದಕ್ಕೆ 'ಸ್ವಲ್ಪ' ಎನ್ನುವುದೂ ಗೊತ್ತು.

ಮೊದಲ ಕಾರು ಯಾವುದು?

ಕಾರಿನ ಅಳತೆಯನ್ನು ಭಿನ್ನರಾಶಿಯಲ್ಲಿ ಹೇಳುತ್ತಾರೆ. 1/10 ಎಂದರೆ ನಿಜವಾದ ಕಾರಿನ ಹತ್ತನೇ ಒಂದು ಭಾಗ, ಸುಮಾರು 40 ಸೆಂಟಿಮೀಟರ್ ಉದ್ದ. ಹೊಸಬರಿಗೆ 1/10 ಇಲ್ಲವೇ ಸ್ವಲ್ಪ ಚಿಕ್ಕದಾದ 1/14 ಸಾಕು. ರಸ್ತೆಯ ಕಾರಿಗೆ ನುಣುಪು ನೆಲ ಬೇಕು. ನಮ್ಮ ನಗರಗಳ ಹಳ್ಳ, ಜಲ್ಲಿ, ಮಣ್ಣಿಗೆ ಎತ್ತರದ 'ಬಗ್ಗಿ' ಅಥವಾ ಟ್ರಕ್ ವಾಸಿ. ಮೋಟಾರಿನಲ್ಲಿ ಬ್ರಷ್ ಇರುವುದು, ಇಲ್ಲದ್ದು ಎಂದು ಎರಡು ಬಗೆ. ಬ್ರಷ್ ಇಲ್ಲದ್ದು ವೇಗಕ್ಕೆ, ಬಾಳಿಕೆಗೆ ಹೆಸರಾದದ್ದು. ಆದರೂ ಮೊದಲ ವರ್ಷಕ್ಕೆ ಅಗ್ಗದ, ನಿಧಾನದ ಬ್ರಷ್ ಮೋಟಾರೇ ಒಳ್ಳೆಯದು.

ಕೊಳ್ಳುವ ಮೊದಲು ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: "ಇದರ ಮುಂದಿನ ತೋಳು ಮುರಿದರೆ ನಿಮ್ಮಲ್ಲಿ ಸಿಗುತ್ತದೆಯೇ?" ಮೊದಲು ಮುರಿಯುವುದು ಸಾಮಾನ್ಯವಾಗಿ ಅದೇ. ಸಿಗುವುದಿಲ್ಲ ಎಂದರೆ ಕಾರು ಎಷ್ಟೇ ಚೆಂದವಿರಲಿ, ಮುಂದಿನ ಅಂಗಡಿಗೆ ನಡೆಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಮೂರನೇ ಒಂದು ಪಾಲು ಒಳ್ಳೆಯ ಚಾರ್ಜರ್, ಇನ್ನೊಂದು ಬ್ಯಾಟರಿ, ಬಿಡಿಭಾಗಗಳಿಗೆಂದು ತೆಗೆದಿಡಿ.

ಬ್ಯಾಟರಿ: ಇಲ್ಲಿ ಹುಡುಗಾಟ ಬೇಡ

ಈಗ ನನ್ನದೇ ತಪ್ಪು ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಓದಿ. ಈ ಕಾರುಗಳಲ್ಲಿ ಎರಡು ಬಗೆಯ ಬ್ಯಾಟರಿ. ಒಂದು ನಿಕಲ್ ಬಗೆಯದು, 1.2 ವೋಲ್ಟಿನ ಆರು ಸೆಲ್ ಸೇರಿ 7.2 ವೋಲ್ಟ್. ಇನ್ನೊಂದು ಲಿಥಿಯಂ ಪಾಲಿಮರ್, 3.7 ವೋಲ್ಟಿನ ಎರಡು ಸೆಲ್ ಸೇರಿ 7.4 ವೋಲ್ಟ್. ನನ್ನ ಚಾರ್ಜರ್ ಮಾತ್ರ ಎರಡಕ್ಕೂ ಒಂದೇ, ಸ್ವಿಚ್ ಬೇರೆ. ಒಂದು ದಿನ ನಾನು ನಿಕಲ್ ಸ್ವಿಚ್ಚಿನಲ್ಲೇ ಲಿಥಿಯಂ ಬ್ಯಾಟರಿ ಹಾಕಿ ಅಡುಗೆಮನೆಗೆ ಹೋದೆ. ಬಂದು ನೋಡಿದರೆ ಬ್ಯಾಟರಿ ಪೂರಿಯಂತೆ ಉಬ್ಬಿತ್ತು! ಪಕ್ಕದಲ್ಲೇ ಮಗ ಹೋಮ್‌ವರ್ಕ್ ಬರೆಯುತ್ತಿದ್ದ. ಆ ದಿನ ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಏಕೆ ಹೀಗಾಯಿತು? ನಿಕಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ತುಸು ಇಳಿಯುತ್ತದೆ. ಆ ಇಳಿತ ಕಂಡೊಡನೆ ಚಾರ್ಜರ್ ನಿಲ್ಲುತ್ತದೆ. ಲಿಥಿಯಂನಲ್ಲಿ ಆ ಇಳಿತವಿಲ್ಲ. ಸೆಲ್ 4.2 ವೋಲ್ಟ್ ಮುಟ್ಟಿದಾಗ ನಿಲ್ಲಬೇಕಾದ ಚಾರ್ಜರ್ ಇಳಿತಕ್ಕೆ ಕಾಯುತ್ತಾ ತುಂಬುತ್ತಲೇ ಹೋಗುತ್ತದೆ. ಒಳಗೆ ಅನಿಲವಾಗುತ್ತದೆ, ಕೊನೆಗೆ ಬೆಂಕಿ.

ಆದ್ದರಿಂದ ಹೊಸಬರು ನಿಕಲ್ ಬ್ಯಾಟರಿಯಿಂದಲೇ ಶುರುಮಾಡಿ. ಲಿಥಿಯಂ ಬಳಸುವುದಾದರೆ, ಎರಡೂ ಸೆಲ್ಲನ್ನು ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಇರಲಿ. 2000 ಮಿಲಿಆಂಪ್ ಅವರ್ ಬ್ಯಾಟರಿಗೆ 2 ಆಂಪಿಯರ್ ದಾಟಬೇಡಿ, ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹಾಸಿಗೆ, ಸೋಫಾ ಮೇಲೆ ಬೇಡ. ಬರಿಯ ಟೈಲ್ಸ್ ಮೇಲಿಟ್ಟು ಎದುರಿಗೇ ಕುಳಿತಿರಿ. ರಾತ್ರಿ ಹಾಕಿ ಮಲಗುವುದಂತೂ ಬೇಡವೇ ಬೇಡ. ಒಂದು ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೂ ಕೆಡುತ್ತದೆ. ಹಲವು ದಿನ ಬಳಸದಿದ್ದರೆ 3.8 ವೋಲ್ಟಿನಷ್ಟರಲ್ಲಿ ಎತ್ತಿಡಿ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ರಜೆಗೆ ವಿಮಾನದಲ್ಲಿ ಊರಿಗೆ ಹೊರಟಿರಾ? ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿರಬೇಕು, ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ.

ಮೈದಾನಕ್ಕೆ ಇಳಿಯೋಣ

ಮೊದಲು ರಿಮೋಟ್ ಆನ್, ಆಮೇಲೆ ಕಾರು. ನಿಲ್ಲಿಸುವಾಗ ಮೊದಲು ಕಾರು ಆಫ್, ಆಮೇಲೆ ರಿಮೋಟ್. ಕಾರು ಜೀವಂತವಿದ್ದು ರಿಮೋಟ್ ಸತ್ತರೆ ಕುದುರೆಗೆ ಕಡಿವಾಣ ಕಳಚಿದಂತೆ. ನೇರ ಬಿಟ್ಟಾಗ ಕಾರು ಪಕ್ಕಕ್ಕೆ ಎಳೆಯುತ್ತಿದ್ದರೆ ರಿಮೋಟಿನ ಟ್ರಿಮ್ ಗುಂಡಿಯಿಂದ ಸರಿಪಡಿಸಿ.

ಎಲ್ಲರೂ ಎಡವುವುದು ಒಂದೇ ಕಡೆ. ಕಾರು ನಿಮ್ಮತ್ತ ಬರುವಾಗ ಎಡ ಬಲ ಅದಲುಬದಲು. ಎರಡು ಚಪ್ಪಲಿ ದೂರದೂರ ಇಟ್ಟು, ಸುತ್ತಲೂ ಎಂಟರ ಅಂಕಿ ಬರೆದಂತೆ ನಿಧಾನವಾಗಿ ಓಡಿಸಿ. ಮೂರ್ನಾಲ್ಕು ಭಾನುವಾರದಲ್ಲಿ ಕೈ ಪಳಗುತ್ತದೆ. ಅವಸರ ಬೇಡ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಗಂಟೆಗೆ 40 ಕಿಲೋಮೀಟರ್ ಓಡುವ ಕಾರು ಒಂದೇ ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಪುಟ್ಟ ಮಗುವಿನ ಕಾಲಿಗೆ ಬಡಿದರೆ ಆಟ ಅಳುವಾಗುತ್ತದೆ. ಆದ್ದರಿಂದ ರಸ್ತೆ ಬೇಡ, ಜನರಿರುವ ಕಾಂಪೌಂಡೂ ಬೇಡ. ಬೆಳಗಿನ ಖಾಲಿ ಮೈದಾನವೇ ಸರಿ.

ಒಂದು ಬ್ಯಾಟರಿಗೆ ಸುಮಾರು ಕಾಲು ಗಂಟೆ ಆಟ. ಮುಗಿದ ಮೇಲೆ ಮೋಟಾರು ತಣಿಯಲು ಬಿಡಿ. ಮನೆಗೆ ಬಂದು ಬ್ರಷ್‌ನಿಂದ ಮಣ್ಣು ಒರೆಸಿ, ಸಡಿಲವಾದ ತಿರುಪು ಬಿಗಿಮಾಡಿ.

ನಮ್ಮ ಮನೆಯಲ್ಲಿ ಈಗ ಭಾನುವಾರ ಸಂಜೆ ಹಳೆಯ ಪೇಪರ್ ಹಾಸಿ ಕಾರು ಬಿಚ್ಚಿಕೊಂಡು ಕೂರುತ್ತೇವೆ. ಶಾಲೆಯಲ್ಲಿ, ಗೆಳೆಯರೊಡನೆ ಮಗನಿಗೆ ಹಿಂದಿಯೇ. ಆದರೆ ಈ ಪೇಪರಿನ ಮೇಲೆ ಮಾತ್ರ, "ಅಮ್ಮಾ, ತಿರುಪು ಕೊಡು, ಹಲ್ಲುಚಕ್ರ ಸವೆದಿದೆ" ಅನ್ನುತ್ತಾನೆ. ಕಾರಿಗೆ ಕೊಟ್ಟ ದುಡ್ಡು ನನಗೆ ಅಲ್ಲಿಗೇ ವಸೂಲಾಯಿತು.

ನೀವೂ ಮಕ್ಕಳೊಡನೆ ಪ್ರಯತ್ನಿಸಿ.