ಮುದಿ ಅಂಬಾಸಿಡರ್, ಸಡಿಲ ಸ್ಟಿಯರಿಂಗ್

ವಾರಾಣಸಿಯಲ್ಲಿ ಗಂಗೆಯ ಆಚೆ ದಡಕ್ಕೆ ದಾಟಿದರೆ ರಾಮನಗರ ಸಿಗುತ್ತದೆ. ರೇಷ್ಮೆಗೂಡಿನ ನಮ್ಮ ರಾಮನಗರವಲ್ಲ, ಕಾಶಿ ರಾಜರ ಕೋಟೆಯ ರಾಮನಗರ. ಹದಿನೆಂಟನೇ ಶತಮಾನದ ನಡುವಿನಲ್ಲಿ ರಾಜಾ ಬಲವಂತ ಸಿಂಗ್ ಕಟ್ಟಿಸಿದ ಆ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಪಲ್ಲಕ್ಕಿಗಳೂ ಇವೆ, ಹಳೆಯ ಅಮೆರಿಕನ್ ಕಾರುಗಳೂ ಇವೆ. ಎರಡನ್ನೂ ಒಂದೇ ಆವರಣದಲ್ಲಿಟ್ಟವರಿಗೆ ಹೊಳೆದಿತ್ತೋ ಇಲ್ಲವೋ, ಅವು ಹೆಸರಿನಲ್ಲಿ ನೆಂಟರು. ಯುರೋಪಿನಲ್ಲಿ ಇಬ್ಬರು ಆಳುಗಳು ಎರಡು ಕೋಲುಗಳ ಮೇಲೆ ಹೊತ್ತು ನಡೆಯುತ್ತಿದ್ದ, ಬಾಗಿಲು ಕಿಟಕಿಗಳಿದ್ದ ಕುರ್ಚಿಯನ್ನು ಸೆಡಾನ್ ಎನ್ನುತ್ತಿದ್ದರು. ನಮ್ಮ ಮೇನೆಯ ದಾಯಾದಿ ಅದು. ಮುಂದೆ ಆ ಹೆಸರು ನಾಲ್ಕು ಬಾಗಿಲು, ಹಿಂದೊಂದು ಡಿಕ್ಕಿ ಇರುವ ಕಾರಿಗೆ ಅಂಟಿಕೊಂಡಿತು.

ಮೇನೆ ಹೊರುವವನ ಕಾಲು ಉಳುಕಿದರೆ ಒಳಗೆ ಕೂತವರಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಕಾರಿನ ಕಾಲು ಉಳುಕಿದ್ದು ಹಾಗೆ ಗೊತ್ತಾಗುವುದಿಲ್ಲ.

ಹಿಂದೂಸ್ತಾನದ ದೊಡ್ಡ ಸೆಡಾನ್ ಎಂದರೆ ಅಂಬಾಸಿಡರ್. ಅಮೆರಿಕದವರ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ, ಉದ್ದ 4.3 ಮೀಟರು ಮಾತ್ರ. ಆದರೆ ಅಜ್ಜಿ, ಇಬ್ಬರು ಸೊಸೆಯಂದಿರು, ನಾಲ್ಕು ಮಕ್ಕಳು ಹಿಂದಿನ ಸೀಟಿನಲ್ಲೇ ಹಿಡಿಸುತ್ತಿದ್ದ ಕಾರನ್ನು ನಾವು ಚಿಕ್ಕದೆನ್ನುವುದು ಹೇಗೆ? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಇದನ್ನು ರಸ್ತೆಗಿಳಿಸಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತಿತು. ಹಾಗಾಗಿ ಇಂದು ಓಡುತ್ತಿರುವ ಅಂಬಾಸಿಡರ್‌ಗಳೆಲ್ಲ ಹತ್ತು ವರ್ಷ ದಾಟಿದವು. ಹಲವಕ್ಕೆ ಮಾಲೀಕರ ಮಕ್ಕಳಿಗಿಂತ ಹೆಚ್ಚು ವಯಸ್ಸು.

ಕನ್ನಡಿಗರಿಗೆ ಈ ಕಾರಿಗೂ ಕಾಶಿಗೂ ನಡುವೆ ಒಂದು ರಸ್ತೆಯ ನಂಟೂ ಇದೆ. ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆ ಕೊಡುವ ಮುಂಚೆ ದೇಶದ ಅತಿ ಉದ್ದದ ಹೆದ್ದಾರಿಯಾಗಿದ್ದ 7ನೇ ಸಂಖ್ಯೆಯದು ಹೊರಡುತ್ತಿದ್ದದ್ದೇ ವಾರಾಣಸಿಯಿಂದ. ಜಬಲ್ಪುರ, ನಾಗಪುರ, ಹೈದರಾಬಾದ್, ಕರ್ನೂಲು ದಾಟಿ, ಬಾಗೇಪಲ್ಲಿಯಲ್ಲಿ ನಮ್ಮ ರಾಜ್ಯ ಹೊಕ್ಕು, ಬೆಂಗಳೂರನ್ನು ಹಾದು ಅತ್ತಿಬೆಲೆಯಲ್ಲಿ ಹೊರಬಿದ್ದು, 2,369 ಕಿಲೋಮೀಟರು ಸಾಗಿ ಕನ್ಯಾಕುಮಾರಿಯಲ್ಲಿ ಮುಗಿಯುತ್ತಿತ್ತು. ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಕಾಶಿಗೆ ಹೊರಟವರಿಗೆ ದಾರಿ ಕೇಳುವ ಪ್ರಮೇಯವೇ ಇರಲಿಲ್ಲ. ಊರೊಳಗೆ ತೆಪ್ಪಗಿರುವ ಸ್ಟಿಯರಿಂಗ್ ದೋಷ ತಲೆಯೆತ್ತುವುದು ಇಂಥ ದೂರದ ದಾರಿಯಲ್ಲಿ, ದಿನಕ್ಕೆ ನಾನೂರು ಐನೂರು ಕಿಲೋಮೀಟರು ಓಡಿದಾಗ.

ದೋಷಗಳಲ್ಲಿ ಮೊದಲನೆಯದು, ಎಲ್ಲ ಗ್ಯಾರೇಜಿನಲ್ಲೂ ಕೇಳಿಬರುವುದು, ‘ಪ್ಲೇ’. ಸ್ಟಿಯರಿಂಗನ್ನು ಇಷ್ಟು ತಿರುಗಿಸಿದರೂ ಮುಂದಿನ ಗಾಲಿ ಅಲುಗದೆ ಇರುವ ಆ ಖಾಲಿ ಓಟ. ಇದಕ್ಕೆ ಕಾನೂನಿನಲ್ಲೇ ಮಿತಿ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಅದರ 98ನೇ ನಿಯಮದ ಪ್ರಕಾರ ಈ ಸಡಿಲ 30 ಡಿಗ್ರಿ ಮೀರಕೂಡದು. ಸ್ಟಿಯರಿಂಗನ್ನು ಗಡಿಯಾರದ ಮುಖ ಎಂದುಕೊಂಡರೆ 12ರಿಂದ 1ಕ್ಕೆ ಇರುವ ಅಂತರ ಅದು. ಅಂಚಿನಲ್ಲಿ ಅಳೆದರೆ ಸುಮಾರು ಅರ್ಧ ಗೇಣು. ಲಾರಿಯನ್ನೂ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಮಿತಿ ಬಹಳ ಧಾರಾಳದ್ದು. ಅಂಬಾಸಿಡರ್‌ನಂಥ ಕಾರಿನಲ್ಲಿ ಅರ್ಧ ಗೇಣು ಸಡಿಲವಿದ್ದರೆ ಅದನ್ನು ಕಾಶಿಗಿರಲಿ, ಸಂತೆಗೂ ಒಯ್ಯಬಾರದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಎದುರಿಗೆ ಗೂಳಿ ಬಂದಾಗ ಆ ಸಡಿಲವನ್ನು ತುಂಬಿಸಲು ಕೈಗೆ ಅರ್ಧ ಸೆಕೆಂಡು ಹಿಡಿದರೆ ಎಂಟು ಮೀಟರು ಹೋಯಿತು. ವಾರಾಣಸಿಯ ಬೀದಿಯಲ್ಲಿ ಗೂಳಿ ಎದುರಾಗುವುದೇನೂ ಊಹೆಯ ಮಾತಲ್ಲ.

‘ಅಂಬಾಸಿಡರ್‌ನಂಥ ಕಾರು’ ಎಂದದ್ದಕ್ಕೆ ಕಾರಣವಿದೆ. ಅದರದು ರ‍್ಯಾಕ್ ಮತ್ತು ಪಿನಿಯನ್ ಸ್ಟಿಯರಿಂಗ್. ಸ್ಟಿಯರಿಂಗಿನ ಕಂಬದ ತುದಿಯಲ್ಲೊಂದು ಪುಟ್ಟ ಹಲ್ಲುಗಾಲಿ, ಅದು ಕಚ್ಚಿಕೊಂಡಿರುವ ಹಲ್ಲಿನ ಉದ್ದ ಸರಳು. ಹಲ್ಲುಗಾಲಿ ತಿರುಗಿದಂತೆ ಸರಳು ಎಡಬಲಕ್ಕೆ ಸರಿದು ಗಾಲಿಗಳನ್ನು ಹೊರಳಿಸುತ್ತದೆ. ನಡುವೆ ಕೊಂಡಿಗಳು ಕಡಿಮೆ, ಆದ್ದರಿಂದ ಸಡಿಲಕ್ಕೂ ಎಡೆ ಕಡಿಮೆ. ಮಾರಿಸ್ ಕಂಪನಿಯ ಕಾರುಗಳಿಗೆ 1948ರ ಹೊತ್ತಿಗೇ ಇದು ಬಂದಿತ್ತು. ಅಲೆಕ್ ಇಸಿಗೋನಿಸ್ ರೂಪಿಸಿದ ಮಾರಿಸ್ ಮೈನರ್ ಹಿಡಿತಕ್ಕೆ ಹೆಸರಾದದ್ದೂ ಇದರಿಂದಲೇ. ಅದೇ ಕಾಲದ ಫಿಯಟ್‌ನಲ್ಲಿ ಬೇರೆ ಬಗೆ, ಸ್ಟಿಯರಿಂಗ್ ಬಾಕ್ಸ್. ರಾಮನಗರದಲ್ಲಿ ಮನೆಯಿದ್ದ ಲಾಲ್ ಬಹಾದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ತೆಗೆದು ಕೊಂಡದ್ದು ಅಂಥದೊಂದು ಫಿಯಟ್. ಬಾಕ್ಸಿನಲ್ಲಿ ಸಡಿಲವನ್ನು ಬಿಗಿಮಾಡುವ ತಿರುಪು ಇರುತ್ತದೆ. ಅದು ವರವೂ ಹೌದು, ಶಾಪವೂ ಹೌದು. ಪ್ಲೇ ಹೋಗಲಿ ಎಂದು ಅದನ್ನು ಅತಿಯಾಗಿ ಬಿಗಿದರೆ ನೇರ ಓಟದಲ್ಲಿ ಸ್ಟಿಯರಿಂಗ್ ಹಿಡಿದುಕೊಳ್ಳುತ್ತದೆ, ಒಳಗಿನ ಹಲ್ಲು ಇನ್ನೂ ಬೇಗ ಸವೆಯುತ್ತದೆ.

ಅಂಬಾಸಿಡರಿನಲ್ಲಿ ಪ್ಲೇ ಬಂದರೆ ರ‍್ಯಾಕನ್ನು ಬೈಯುವ ಮುನ್ನ ಟೈ ರಾಡ್ ಎಂಡ್ ನೋಡಬೇಕು. ಸರಳಿನ ತುದಿಯನ್ನು ಗಾಲಿಗೆ ಜೋಡಿಸುವ ಗುಂಡು ಕೀಲು ಅದು. ರಬ್ಬರಿನ ಟೊಪ್ಪಿ ಹರಿದು ಧೂಳು, ಕೆಸರು ಹೊಕ್ಕಿತೆಂದರೆ ಕೆಲವೇ ತಿಂಗಳಲ್ಲಿ ಕೀಲು ಲೊಡಲೊಡ ಅನ್ನುತ್ತದೆ. ಆ ಟೊಪ್ಪಿ ಇರಲೇಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಲೇಬೇಕು ಎಂದು ಅದೇ 98ನೇ ನಿಯಮ ಹೇಳುತ್ತದೆ. ರ‍್ಯಾಕಿನ ಎರಡು ತುದಿಗಳಲ್ಲೂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಇದೆ. ಅದು ಸೀಳಿದರೆ ಒಳಗಿನ ಎಣ್ಣೆ ಸೋರಿ ಹೊರಗಿನ ಮರಳು ಒಳಸೇರುತ್ತದೆ. ಮಳೆಗಾಲದಲ್ಲಿ ಗಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗುವ ವಾರಾಣಸಿಯಲ್ಲಿ, ನೀರಿನ ಜೊತೆ ಬರುವ ನುಣ್ಣನೆಯ ರೇವೆ ಮಣ್ಣಿಗೆ ಸಣ್ಣ ಸೀಳೇ ಸಾಕು. ಇಂಥ ನೀರಿನಲ್ಲಿ ಓಡಿಸಿದ ಮೇಲೆ ಎಂಜಿನ್ ಎಣ್ಣೆ ನೋಡುವವರುಂಟು, ಬಗ್ಗಿ ಬೂಟು ನೋಡುವವರು ಅಪರೂಪ.

ಇನ್ನು ಗ್ರೀಸ್. ಹಳೆಯ ಅಂಬಾಸಿಡರ್ ಗ್ರೀಸ್ ಉಂಡು ಬದುಕುವ ಕಾರು. ಮುಂದಿನ ಗಾಲಿ ಹೊರಳುವ ನಿಂತ ಕಂಬ, ಅಂದರೆ ಕಿಂಗ್ ಪಿನ್, ಮೇಲೂ ಕೆಳಗೂ ತಿರುಪಿನಂಥ ಗೆರೆಯಿರುವ ಕೀಲುಗಳಲ್ಲಿ ಕೂತಿದೆ. ಅಲ್ಲಿನ ನಿಪ್ಪಲ್‌ಗಳಿಗೆ ಕಾಲಕಾಲಕ್ಕೆ ಗ್ರೀಸ್ ಹೊಡೆಯದಿದ್ದರೆ ಎರಡರಲ್ಲಿ ಒಂದು ಆಗುತ್ತದೆ. ಗ್ರೀಸ್ ಒಣಗಿ ಕೀಲು ಹಿಡಿದುಕೊಂಡರೆ ಸ್ಟಿಯರಿಂಗ್ ಕಲ್ಲಿನಂತೆ ಭಾರವಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದಿಲ್ಲ. ಗೆರೆಗಳೇ ಸವೆದರೆ ಗಾಲಿ ಅಲುಗಾಡತೊಡಗುತ್ತದೆ. ಇದೇ ಮನೆತನದ ಮಾರಿಸ್ ಮೈನರಿನಲ್ಲಿ ಸವೆದ ಕೀಲು ಪೂರ್ತಿ ಕಳಚಿ, ಗಾಲಿ ಮಡಚಿಕೊಂಡು, ಕಾರು ಮೂಗೂರಿ ನಿಲ್ಲುವುದು ಬ್ರಿಟನ್ನಿನ ಹಳೆ ಕಾರು ಪ್ರಿಯರಿಗೆಲ್ಲ ಗೊತ್ತಿರುವ ಸಂಗತಿ. ಗ್ರೀಸ್ ಹೊಡೆಸಲು ಖರ್ಚು ಅಲ್ಪ. ಹೊಸ ಕಾರುಗಳಲ್ಲಿ ನಿಪ್ಪಲ್ಲೇ ಇಲ್ಲದಿರುವುದರಿಂದ, ಹಳೆ ಕಾರಿಗೆ ಅದು ಬೇಕೆಂಬುದನ್ನೇ ಹೊಸ ಗ್ಯಾರೇಜಿನ ಹುಡುಗರು ಅರಿಯರು, ಕೇಳಿ ಮಾಡಿಸಿಕೊಳ್ಳಬೇಕು.

ಸ್ಟಿಯರಿಂಗ್ ಭಾರವಾಗಲು ಇನ್ನೂ ಸರಳ ಕಾರಣಗಳಿವೆ. ಗಾಳಿ ಕಡಿಮೆಯಿರುವುದು ಒಂದು, ಅಂದಕ್ಕೆಂದು ಅಗಲದ ಟೈರು ಹಾಕಿಸಿರುವುದು ಇನ್ನೊಂದು. ವಾರಾಣಸಿಯಲ್ಲಿ ಗೊದೌಲಿಯಾ ಬಳಿಯ ಜಂಗಮವಾಡಿ ಮಠದ ಕಡೆಗೆ ಇ-ರಿಕ್ಷಾಗಳ ಸಂದಿಯಲ್ಲಿ ಅಂಗುಲಂಗುಲ ನುಗ್ಗುವಾಗ, ಕಾರು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವ ಅಭ್ಯಾಸ ಚಾಲಕರಿಗೆ ಬೇಗ ಅಂಟುತ್ತದೆ. ಗಾಲಿ ಒಂದಿಷ್ಟು ಉರುಳುತ್ತಿರುವಾಗ ತಿರುಗಿಸಿದರೆ ಕೀಲಿಗೂ ಭುಜಕ್ಕೂ ಹಗುರ. ಕೊನೆಯ ವರ್ಷಗಳ ಕೆಲವು ಕಾರುಗಳಿಗೆ ಪವರ್ ಸ್ಟಿಯರಿಂಗ್ ಬಂತು. ಅಲ್ಲಿ ನೋಡಬೇಕಾದದ್ದು ಎಣ್ಣೆಯ ಮಟ್ಟ, ಬೆಲ್ಟಿನ ಬಿಗಿ. ಪೂರ್ತಿ ತಿರುಗಿಸಿ ಹಾಗೇ ಹಿಡಿದುಕೊಂಡರೆ ಪಂಪು ನರಳುತ್ತದೆ, ಹಿಡಿಯಬಾರದು.

‘ಗಾಡಿ ಎಡಕ್ಕೆ ಎಳೀತದೆ’ ಎಂಬ ದೂರಿಗೆ ಸ್ಟಿಯರಿಂಗ್ ಅನೇಕ ಸಲ ನಿರಪರಾಧಿ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರಾಗಿ ಕಟ್ಟಿರುತ್ತಾರೆ, ಎಡಬದಿಯಲ್ಲಿ ಓಡುವ ಕಾರು ತುಸು ಎಡಕ್ಕೆ ವಾಲುವುದು ಸಹಜ. ಅದಕ್ಕಿಂತ ಹೆಚ್ಚು ಎಳೆದರೆ ಟೈರಿನ ಗಾಳಿ, ಆಮೇಲೆ ವೀಲ್ ಅಲೈನ್‌ಮೆಂಟ್. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದಾದರೆ ಅದು ಡ್ರಮ್ಮಿನ ಕೆಲಸ, ಒಂದು ಕಡೆ ಹೆಚ್ಚು ಹಿಡಿಯುತ್ತಿದೆ ಎಂದರ್ಥ. ಅಂಬಾಸಿಡರಿಗೇ ವಿಶೇಷವಾದದ್ದು ಇನ್ನೊಂದಿದೆ. ಅದರ ಮುಂಭಾಗ ನಿಂತಿರುವುದು ಸುರುಳಿ ಸ್ಪ್ರಿಂಗಿನ ಮೇಲಲ್ಲ, ತಿರುಚಿಕೊಳ್ಳುವ ಉದ್ದನೆಯ ಉಕ್ಕಿನ ಸರಳುಗಳ ಮೇಲೆ, ಟಾರ್ಷನ್ ಬಾರ್. ದಶಕಗಳ ಭಾರಕ್ಕೆ ಒಂದು ಸರಳು ಇನ್ನೊಂದಕ್ಕಿಂತ ಹೆಚ್ಚು ಸೋತರೆ ಕಾರಿನ ಮೂಗು ಒಂದು ಬದಿಗೆ ಕುಸಿಯುತ್ತದೆ. ಅದನ್ನು ಸರಿಮಾಡದೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹಣ ದಂಡ.

ಅರವತ್ತು ಎಪ್ಪತ್ತರ ವೇಗದಲ್ಲಿ ಸ್ಟಿಯರಿಂಗ್ ಗಡಗಡ ನಡುಗಿ, ವೇಗ ಬದಲಾದೊಡನೆ ನಿಂತರೆ ಮೊದಲು ವೀಲ್ ಬ್ಯಾಲೆನ್ಸಿಂಗ್, ಸೊಟ್ಟ ರಿಮ್ಮು. ಇಷ್ಟು ಸಾಕು ಅದರ ಬಗ್ಗೆ.

ದೋಷ ಎಲ್ಲಿದೆಯೆಂದು ಮನೆಯಂಗಳದಲ್ಲೇ ಒಂದಿಷ್ಟು ತಿಳಿಯಬಹುದು. ಸಮನೆಲದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿಯಿಂದ ಮುಂದಿನ ಗಾಲಿಯನ್ನೆತ್ತಿ, ಗಟ್ಟಿಯಾದ ಆಸರೆ ಕೊಡಿ. ಗಾಲಿಯ ಎಡಬಲ ಅಂಚು ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಅನುಮಾನ ಟೈ ರಾಡ್ ಮತ್ತು ರ‍್ಯಾಕಿನ ಮೇಲೆ. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಕಿಂಗ್ ಪಿನ್ ಅಥವಾ ಬೇರಿಂಗ್. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಅಲುಗಿಸಲಿ, ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟು ನೋಡಲಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ. ಬಿಡಿಭಾಗ ಬದಲಿಸುವಾಗ ಮಾತ್ರ ಎಚ್ಚರ ಬೇಕು. ಕಾರ್ಖಾನೆಯೇ ಮುಚ್ಚಿದ ಕಾರಿಗೆ ಮಾರುಕಟ್ಟೆಯಲ್ಲಿ ನಕಲಿ ಮಾಲು ಹೇರಳ. ಬಾಗಿಲ ಹಿಡಿಕೆ ನಕಲಿಯಾದರೆ ಬಾಗಿಲು ಕಿರುಗುಟ್ಟೀತು ಅಷ್ಟೆ, ಟೈ ರಾಡ್ ಎಂಡ್ ನಕಲಿಯಾಗಬಾರದು.

ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಸ್ಟಿಯರಿಂಗೂ ತಪಾಸಣೆಗೆ ಬರುತ್ತದೆ. ಆದರೆ ಎರಡು ತಪಾಸಣೆಗಳ ನಡುವೆ ಐದು ವರ್ಷ ಕಾರಿನೊಡನೆ ಇರುವವನು ಚಾಲಕ ಒಬ್ಬನೇ. ತೊಡಕಿರುವುದು ಅಲ್ಲೇ. ಸಡಿಲ ಒಂದೇ ದಿನದಲ್ಲಿ ಬರುವುದಿಲ್ಲ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಬೆಳೆಯುತ್ತದೆ, ಕೈಯೂ ಅಷ್ಟಷ್ಟೇ ಹೊಂದಿಕೊಳ್ಳುತ್ತದೆ. ನೇರ ರಸ್ತೆಯಲ್ಲೂ ತಾನು ಸ್ಟಿಯರಿಂಗನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಆಡಿಸುತ್ತಲೇ ಇರುತ್ತೇನೆ ಎಂಬುದು ಇಪ್ಪತ್ತು ವರ್ಷ ಓಡಿಸಿದವನ ಅರಿವಿಗೇ ಬರುವುದಿಲ್ಲ. ‘ನಮ್ಮ ಗಾಡಿ ನಂಗೆ ಗೊತ್ತು’ ಎನ್ನುವವನೇ ಕೊನೆಗೆ ತಿಳಿಯುವವನು.

ಹಳೆಯ ಅಂಬಾಸಿಡರಿನಲ್ಲಿ ಉತ್ತರಕ್ಕೆ ಹೊರಡುವ ಮನಸ್ಸಿದ್ದರೆ, ಎಣ್ಣೆ ಟೈರು ನೋಡಿಸಿದ ಮೇಲೆ ಒಂದು ದಿನ ಕೀಲಿಕೈಯನ್ನು ಆ ಕಾರು ಎಂದೂ ಓಡಿಸದ ಅನುಭವಿಯ ಕೈಗೆ ಕೊಡಿ. ದೇವನಹಳ್ಳಿಯವರೆಗೆ ಹೋಗಿಬರಲಿ. ಇಳಿದ ಮೇಲೆ ಅವರು ಏನನ್ನಾದರೂ ಹೇಳಲು ಹಿಂಜರಿದರೆ, ಒತ್ತಾಯ ಮಾಡಿ ಕೇಳಿ.